ಹಳೆ ಬೈಕಿನ ಕ್ಲಚ್ ಸ್ಲಿಪ್ ಆಗ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಜನ ಹಳೆ ಬೈಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಮಾತ್ರ ಇವತ್ತಿಗೂ ಊರಲ್ಲಿ ಓಡಾಡುತ್ತಿವೆ. ಹಳ್ಳಿ ಕಡೆ ಹೋದರೆ ಹೀರೋ ಹೋಂಡಾ ಸಿಡಿ 100, ಹಳೆ ಸ್ಪ್ಲೆಂಡರ್‌ಗಳು ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ದಿನಾ ಡೇರಿಗೂ ಗದ್ದೆಗೂ ಹೋಗಿ ಬರುತ್ತವೆ. ಆರ್‌ಎಕ್ಸ್ 100, ಕಾಸ್ಟ್ ಐರನ್ ಬುಲೆಟ್ ಇಟ್ಟುಕೊಂಡವರೂ ಕಡಿಮೆ ಇಲ್ಲ.

ಇವರೆಲ್ಲ ಕೇಳುವ ಪ್ರಶ್ನೆಗಳಲ್ಲಿ ಕ್ಲಚ್ಚಿನದೇ ಜಾಸ್ತಿ. ಉತ್ತರಗಳನ್ನು ಓದುವ ಮೊದಲು ಒಂದು ಮಾತು. ಕ್ಲಚ್ ಸ್ಲಿಪ್ ಆಯಿತು ಅಂದ ಕೂಡಲೇ ಪ್ಲೇಟ್ ತರಲು ಓಡಬೇಡಿ. ಮೊದಲು ವೈರು, ಆಮೇಲೆ ಆಯಿಲು, ಆಮೇಲೆ ಸ್ಪ್ರಿಂಗು, ಕೊನೆಗೆ ಪ್ಲೇಟು. ಈ ಸಾಲಿನಲ್ಲೇ ನೋಡುತ್ತಾ ಹೋದರೆ ಎಷ್ಟೋ ಬೈಕುಗಳಲ್ಲಿ ಎಂಜಿನ್ ಕವರ್ ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಕ್ಲಚ್ ಸ್ಲಿಪ್ ಅಂದರೆ ಒಳಗೆ ನಿಜವಾಗಿ ಏನಾಗುತ್ತದೆ?

ಕ್ಲಚ್ಚಿನೊಳಗೆ ಎರಡು ಬಗೆಯ ಪ್ಲೇಟುಗಳಿವೆ. ಹಿಡಿತದ ಲೈನಿಂಗ್ ಇರುವ ಕ್ಲಚ್ ಪ್ಲೇಟುಗಳು ಬಟ್ಟಲಿನಂತಿರುವ ಹೊರಗಿನ ಬೆಲ್‌ಗೆ ಸಿಕ್ಕಿಕೊಂಡು ಎಂಜಿನ್ ಜೊತೆ ತಿರುಗುತ್ತವೆ. ನಡುನಡುವೆ ಇರುವ ಸ್ಟೀಲ್ ಪ್ಲೇಟುಗಳು ಒಳಗಿನ ಹಬ್‌ಗೆ ಸಿಕ್ಕಿಕೊಂಡಿರುತ್ತವೆ. ಹಬ್ ಗೇರ್‌ಬಾಕ್ಸಿಗೆ ಸೇರಿದ್ದು. ಈ ಎರಡನ್ನೂ ಸ್ಪ್ರಿಂಗುಗಳು ಒತ್ತಿ ಹಿಡಿದಾಗ ಎಂಜಿನ್ ಶಕ್ತಿ ಚಕ್ರಕ್ಕೆ ಹೋಗುತ್ತದೆ. ನೀವು ಹ್ಯಾಂಡಲಿನ ಕ್ಲಚ್ ಲಿವರ್ ಹಿಡಿದರೆ ಪುಷ್ ರಾಡ್ ಅನ್ನುವ ಸರಳು, ಪ್ಲೇಟುಗಳನ್ನು ಒತ್ತಿ ಹಿಡಿದಿರುವ ಪ್ರೆಷರ್ ಪ್ಲೇಟನ್ನು ತಳ್ಳುತ್ತದೆ, ಒತ್ತಡ ಹೋಗುತ್ತದೆ, ಪ್ಲೇಟುಗಳು ಬಿಡಿಯಾಗುತ್ತವೆ.

ಲಿವರ್ ಬಿಟ್ಟ ಮೇಲೂ ಪ್ಲೇಟುಗಳು ಒಂದರ ಮೇಲೊಂದು ಜಾರುತ್ತಿದ್ದರೆ ಅದೇ ಸ್ಲಿಪ್. ಅದಕ್ಕೆ ಮೂರೇ ದಾರಿ. ಒಂದು, ಪುಷ್ ರಾಡ್ ಸದಾ ಸ್ವಲ್ಪ ತಳ್ಳಿಕೊಂಡೇ ಇದೆ. ಎರಡು, ಸ್ಪ್ರಿಂಗು ಸೋತು ಒತ್ತಡ ಸಾಲುತ್ತಿಲ್ಲ. ಮೂರು, ಪ್ಲೇಟು ಸವೆದಿದೆ, ಸುಟ್ಟಿದೆ ಅಥವಾ ತಪ್ಪು ಆಯಿಲಿನಿಂದ ಜಾರುತ್ತಿದೆ. ಮುಂದೆ ಹೇಳುವುದೆಲ್ಲ ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಕಂಡುಹಿಡಿಯಲಿಕ್ಕೆ.

ನನ್ನ ಬೈಕಿನದು ಸ್ಲಿಪ್ಪೇ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ರೇಸ್ ಕೊಟ್ಟರೆ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಅದಕ್ಕೆ ತಕ್ಕ ಹಾಗೆ ಮುಂದೆ ಹೋಗುವುದಿಲ್ಲ. ಮೊದಲು ಇದು ಗೊತ್ತಾಗುವುದು ಟಾಪ್ ಗೇರಿನಲ್ಲಿ, ಭಾರ ಇದ್ದಾಗ, ಏರಿನಲ್ಲಿ. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ಹೋಗುವಾಗ ಏನೂ ಗೊತ್ತಾಗದ ಬೈಕು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವಾಗ ಬಯಲಾಗುತ್ತದೆ. ಮೇಲುಕೋಟೆ ಏರಿನಲ್ಲೂ ಅಷ್ಟೇ.

ಖಾಲಿ ರಸ್ತೆಯಲ್ಲಿ ಪರೀಕ್ಷೆ ಮಾಡಬಹುದು. ಟಾಪ್ ಗೇರಿನಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಒಮ್ಮೆಗೇ ಪೂರ್ತಿ ರೇಸ್ ಕೊಡಿ. ಕ್ಲಚ್ ಸರಿ ಇದ್ದರೆ ಸದ್ದೂ ವೇಗವೂ ಒಟ್ಟಿಗೆ ನಿಧಾನವಾಗಿ ಏರುತ್ತವೆ. ಸ್ಲಿಪ್ ಇದ್ದರೆ ಸದ್ದು ತಟ್ಟನೆ ಮೇಲೇರಿ, ಸ್ಪೀಡೋಮೀಟರ್ ಮುಳ್ಳು ಹಿಂದೆ ಉಳಿಯುತ್ತದೆ. ಮೈಲೇಜ್ ಕಾರಣವಿಲ್ಲದೆ ಇಳಿಯುವುದು, ಏರು ಹತ್ತಿ ನಿಂತಾಗ ಸುಟ್ಟ ವಾಸನೆ ಬರುವುದು, ಕ್ಲಚ್ ಕಡೆಯ ಕವರ್ ಮಾಮೂಲಿಗಿಂತ ಬಿಸಿಯಾಗುವುದು ಕೂಡ ಇದರದೇ ಗುರುತು.

ಮುಂದಿನ ಬ್ರೇಕ್ ಗಟ್ಟಿ ಹಿಡಿದು ಟಾಪ್ ಗೇರಿನಲ್ಲಿ ಕ್ಲಚ್ ಬಿಡುವ ಪರೀಕ್ಷೆಯೂ ಇದೆ. ಎಂಜಿನ್ ಆಫ್ ಆಗಬೇಕು. ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟು ಹಿಡಿಯುತ್ತಿಲ್ಲ ಅಂತ ಅರ್ಥ. ಇದನ್ನು ಒಂದೇ ಸಲ, ಒಂದೆರಡು ಸೆಕೆಂಡು ಮಾತ್ರ ಮಾಡಿ. ಮತ್ತೆ ಮತ್ತೆ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ಪಿಕಪ್ ಇಲ್ಲ ಅಂದರೆ ಕ್ಲಚ್ಚೇ ಹೋಗಿದೆ ಅಂತಾನಾ?

ಅಲ್ಲ. ರೇಸ್ ಕೊಟ್ಟಾಗ ಎಂಜಿನ್ ಸದ್ದೂ ಏರದಿದ್ದರೆ ಕ್ಲಚ್ಚಿನ ತಪ್ಪಿಲ್ಲ. ಕಾರ್ಬುರೇಟರ್, ಏರ್ ಫಿಲ್ಟರ್, ಕಂಪ್ರೆಷನ್ ನೋಡಿ. ಟೂ ಸ್ಟ್ರೋಕ್ ಗಾಡಿಯಾದರೆ ಸೈಲೆನ್ಸರ್‌ನಲ್ಲಿ ಕಾರ್ಬನ್ ಕಟ್ಟಿರಬಹುದು. ಹಿಂದಿನ ಬ್ರೇಕ್ ಹಿಡಿದುಕೊಂಡಿದ್ದರೂ ಗಾಡಿ ಎಳೆಯುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಇನ್ನು ‘ಟಕ್ ಟಕ್’ ಅಂತ ಸದ್ದು ಬಂದು ಜಾರುತ್ತಿದ್ದರೆ ಚೈನ್ ಸಡಿಲವಾಗಿ ಸ್ಪ್ರಾಕೆಟ್ ಹಲ್ಲಿನ ಮೇಲೆ ಹಾರುತ್ತಿರಬಹುದು. ಕ್ಲಚ್ ಸದ್ದಿಲ್ಲದೆ ಜಾರುತ್ತದೆ.

ಗೇರ್ ಗಟ್ಟಿ, ನ್ಯೂಟ್ರಲ್ ಸಿಗುವುದಿಲ್ಲ. ಇದೂ ಸ್ಲಿಪ್ಪಾ?

ಇದು ಅದಕ್ಕೆ ಉಲ್ಟಾ. ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಲಿವರ್ ಹಿಡಿದಿದ್ದರೂ ಗಾಡಿ ಮುಂದೆ ತಳ್ಳುತ್ತಿದ್ದರೆ ವೈರು ಜಾಸ್ತಿ ಸಡಿಲವಾಗಿದೆ ಅಥವಾ ಪ್ಲೇಟು ಸೊಟ್ಟಗಾಗಿದೆ. ಇದನ್ನು ಸರಿ ಮಾಡಲು ಹೋಗಿ ವೈರನ್ನು ಅತಿಯಾಗಿ ಬಿಗಿ ಮಾಡಿದಾಗಲೇ ಎಷ್ಟೋ ಬೈಕುಗಳಲ್ಲಿ ಸ್ಲಿಪ್ ಶುರುವಾಗುವುದು.

ಹಾಗಾದರೆ ಮೊದಲು ಎಲ್ಲಿಂದ ಶುರು ಮಾಡಬೇಕು?

ಲಿವರ್‌ನಿಂದ. ಇದಕ್ಕೆ ದುಡ್ಡು ಬೇಡ, ಹತ್ತು ನಿಮಿಷ ಸಾಕು.

ಎಂಜಿನ್ ಆಫ್ ಇರಲಿ. ಕ್ಲಚ್ ಲಿವರನ್ನು ಒಂದು ಬೆರಳಲ್ಲಿ ಮೆಲ್ಲಗೆ ಎಳೆಯಿರಿ. ಬಿಗಿ ಹಿಡಿಯುವ ಮೊದಲು ಅದು ಸ್ವಲ್ಪ ಸುಮ್ನೆ ಆಡಬೇಕು. ಇದಕ್ಕೆ ಫ್ರೀ ಪ್ಲೇ ಅನ್ನುತ್ತಾರೆ. ಲಿವರ್ ಬುಡದಲ್ಲಿ, ಅಂದರೆ ಲಿವರಿಗೂ ಅದರ ಹೋಲ್ಡರಿಗೂ ನಡುವೆ, 2ರಿಂದ 3 ಮಿ.ಮೀ. ಸಂದು ಇರಬೇಕು. ಲಿವರ್ ತುದಿಯಲ್ಲಿ ನೋಡಿದರೆ ಸುಮಾರು 10ರಿಂದ 15 ಮಿ.ಮೀ. ಆಟ. ಇದು ಹೆಚ್ಚಿನ ಹಳೆ ಬೈಕುಗಳಿಗೆ ಹೊಂದುವ ಲೆಕ್ಕ. ಆಟವೇ ಇಲ್ಲದಿದ್ದರೆ ನಿಮ್ಮ ಪುಷ್ ರಾಡ್ ದಿನವಿಡೀ ಪ್ಲೇಟನ್ನು ಅರ್ಧಂಬರ್ಧ ಬಿಡಿಸುತ್ತಿದೆ.

ಪ್ಲೇಟು ಸವೆದಂತೆ ಫ್ರೀ ಪ್ಲೇ ತಾನಾಗಿ ಕಡಿಮೆಯಾಗುತ್ತಾ ಬರುತ್ತದೆ. ಜಾಸ್ತಿ ಆಗುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಪ್ಲೇಟಿನ ರಾಶಿ ತೆಳುವಾದಾಗ ಪ್ರೆಷರ್ ಪ್ಲೇಟ್ ಒಳಗೆ ಸರಿಯುತ್ತದೆ, ಪುಷ್ ರಾಡ್‌ಗೆ ಹತ್ತಿರವಾಗುತ್ತದೆ. ಹಾಗಾಗಿ ಗಾಡಿ ಓಡಿದಂತೆಲ್ಲ ವೈರನ್ನು ಸ್ವಲ್ಪ ಸ್ವಲ್ಪ ಸಡಿಲ ಮಾಡುತ್ತಾ ಬರಬೇಕು.

ಹೊಂದಿಸುವ ಕ್ರಮ ಹೀಗೆ. ಹ್ಯಾಂಡಲ್ ಹತ್ತಿರದ ಅಡ್ಜಸ್ಟರನ್ನು ಪೂರ್ತಿ ಒಳಗೆ ತಿರುಗಿಸಿ ವೈರಿಗೆ ಸಡಿಲ ಕೊಡಿ. ಆಮೇಲೆ ಎಂಜಿನ್ ಕಡೆ ಬನ್ನಿ. ಪುಷ್ ರಾಡ್‌ಗೆ ಅಡ್ಜಸ್ಟಿಂಗ್ ಸ್ಕ್ರೂ ಇರುವ ಮಾಡೆಲ್ ಆದರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂ ಮೆಲ್ಲಗೆ ತಾಗುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ಹಿಂದಕ್ಕೆ ತಂದು ಲಾಕ್ ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಸ್ಕ್ರೂ ತಿರುಗದ ಹಾಗೆ ಹಿಡಿದಿರಿ. ಕೊನೆಗೆ ಲಿವರ್ ಕಡೆಯ ಆಟವನ್ನು ವೈರಿನ ಅಡ್ಜಸ್ಟರ್‌ನಲ್ಲಿ ತನ್ನಿ. ಒಳಗಿನ ಸ್ಕ್ರೂ ಮುಟ್ಟದೆ ಬರೀ ಹ್ಯಾಂಡಲ್ ಹತ್ತಿರ ತಿರುಗಿಸುವುದು ಅರೆಬರೆ ಕೆಲಸ.

ಈಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಆಟ ಬದಲಾದರೆ ವೈರು ಎಲ್ಲೋ ಸಿಕ್ಕಿಕೊಂಡಿದೆ. ಟ್ಯಾಂಕ್ ಕೆಳಗೆ ಅಮುಕಿದೆಯಾ, ಹೊರಗಿನ ಕೇಸಿಂಗ್ ಬಾಗಿದೆಯಾ, ಒಳಗಿನ ಎಳೆ ಕಿತ್ತಿದೆಯಾ ನೋಡಿ. ಎಳೆ ಕಿತ್ತ ವೈರು ಕೇಸಿಂಗ್ ಒಳಗೆ ಸಿಕ್ಕಿ ವಾಪಸ್ ಬರುವುದಿಲ್ಲ. ಅದರಿಂದಲೂ ಸ್ಲಿಪ್ ಆಗುತ್ತದೆ. ಅಂಥ ವೈರನ್ನು ಎಣ್ಣೆ ಬಿಟ್ಟು ಉಳಿಸಲು ಹೋಗಬೇಡಿ, ಬದಲಿಸಿ.

ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ. ತಣ್ಣಗಿದ್ದಾಗ ಸರಿ ಇದ್ದ ಆಟ ಬಿಸಿಯಲ್ಲಿ ಬದಲಾಗುವುದುಂಟು.

ನಮ್ಮಪ್ಪನ ಯೆಜ್ಡಿ. ವೈರಿನಲ್ಲಿ ಆಟ ಸರಿಯಾಗಿದೆ, ಆದರೂ ಆಗಾಗ ಜಾರುತ್ತದೆ. ಏನಿರಬಹುದು?

ನಿಮ್ಮ ಎಡಗಾಲು ಎಲ್ಲಿರುತ್ತದೆ ನೋಡಿಕೊಳ್ಳಿ. ಜಾವಾ ಮತ್ತು ಹಲವು ಯೆಜ್ಡಿಗಳಲ್ಲಿ ಗೇರ್ ಲಿವರ್ ಒತ್ತಿದರೂ ಕ್ಲಚ್ ಬಿಡುವ ಏರ್ಪಾಡಿದೆ. ಅದಕ್ಕೇ ಹಳಬರು ಕೈ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸುತ್ತಿದ್ದರು. ಚೆಂದದ ಏರ್ಪಾಡು. ಆದರೆ ಓಡಿಸುವಾಗ ಗೇರ್ ಲಿವರ್ ಮೇಲೆ ಕಾಲು ಊರಿ ಕೂತರೆ ಕ್ಲಚ್ ಸ್ವಲ್ಪ ಬಿಟ್ಟುಕೊಂಡೇ ಇರುತ್ತದೆ. ಬೇರೆ ಬೈಕು ಓಡಿಸಿ ಅಭ್ಯಾಸ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾಲನ್ನು ಪೂರ್ತಿ ಫುಟ್‌ರೆಸ್ಟ್ ಮೇಲಿಟ್ಟು ಓಡಿಸಿ ನೋಡಿ. ಆಗಲೂ ಜಾರಿದರೆ ಒಳಗಿನ ಹೊಂದಾಣಿಕೆ ನೋಡಿಸಿ. ಆ ಭಾಗಕ್ಕೂ ಸ್ವಲ್ಪ ಆಟ ಬೇಕು.

ಈ ಗಾಡಿಗಳಲ್ಲಿ ಕ್ಲಚ್ ಇರುವ ಪ್ರೈಮರಿ ಚೈನ್ ಭಾಗಕ್ಕೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಮೂಲದ ಕ್ಲಚ್ ಪ್ಲೇಟು ಕಾರ್ಕಿನದು. ಕಾರ್ಕ್ ಆಯಿಲಿನಲ್ಲಿ ನೆನೆದಿದ್ದರೆ ಬಾಳಿಕೆ ಬರುತ್ತದೆ, ಒಣಗಿದರೆ ಬೇಗ ಸುಡುತ್ತದೆ. ಆಯಿಲ್ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದು, ಹೊರಗೆ ಸೋರಿಕೆ ಕಾಣದೆ ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ ಎಂಜಿನ್ ಆ ಆಯಿಲನ್ನು ಎಳೆದು ಸುಡುತ್ತಿದೆ. ಆಗ ಪ್ಲೇಟು ಬದಲಿಸಿ ಪ್ರಯೋಜನವಿಲ್ಲ, ಮೊದಲು ಸೀಲ್ ಬದಲಿಸಬೇಕು.

ಆಯಿಲ್ ಬದಲಿಸಿದ ಮೇಲೇ ಸ್ಲಿಪ್ ಶುರುವಾಯಿತು. ಆಯಿಲಿಗೂ ಕ್ಲಚ್ಚಿಗೂ ಸಂಬಂಧ ಇದೆಯಾ?

ಖಂಡಿತ ಇದೆ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಆಯಿಲಿನಲ್ಲೇ ಮುಳುಗಿ ಕೆಲಸ ಮಾಡುತ್ತದೆ. ಸಿಡಿ 100, ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಎಂಜಿನ್ ಆಯಿಲೇ ಕ್ಲಚ್ಚಿಗೂ. ಕಾರಿಗೆ ಅಂತ ಬರುವ ಕೆಲವು ಆಯಿಲುಗಳಲ್ಲಿ ಡೀಸೆಲ್, ಪೆಟ್ರೋಲ್ ಉಳಿಸಲಿ ಅಂತ ಘರ್ಷಣೆ ಕಡಿಮೆ ಮಾಡುವ ಮಿಶ್ರಣ ಸೇರಿಸಿರುತ್ತಾರೆ. ಕಾರಿನ ಕ್ಲಚ್ ಒಣಗಿರುವುದರಿಂದ ಅದಕ್ಕೆ ತೊಂದರೆ ಇಲ್ಲ. ಬೈಕಿಗೆ ಹಾಕಿದರೆ ಪ್ಲೇಟು ಜಾರುತ್ತದೆ. ಟ್ರ್ಯಾಕ್ಟರಿಗೆ ತಂದ ಆಯಿಲ್ ಉಳಿದಿದೆ ಅಂತ ಬೈಕಿಗೆ ಸುರಿಯುವವರು ಇದನ್ನು ಗಮನಿಸಬೇಕು.

ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ. ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುತ್ತದೆ ಅನ್ನುವ ಗುರುತು ಅದು. ಎಂಬಿ ಅಂತಿದ್ದರೆ ಸ್ಕೂಟರಿಗೆ, ಗೇರ್ ಬೈಕಿಗಲ್ಲ. ದಪ್ಪ ಎಷ್ಟಿರಬೇಕು ಅಂತ ಮ್ಯಾನುಯಲ್ ಹೇಳುತ್ತದೆ. ಹಳೆ ಫೋರ್ ಸ್ಟ್ರೋಕ್‌ಗಳಿಗೆ 20ಡಬ್ಲ್ಯೂ40 ರೂಢಿಯಲ್ಲಿದೆ.

ಎಂಜಿನ್ ನುಣುಪಾಗಿ ಓಡಲಿ ಅಂತ ಆಯಿಲಿಗೆ ಸೇರಿಸುವ ಬಾಟಲಿಗಳನ್ನು ಹಾಕಲೇಬೇಡಿ. ಅವುಗಳ ಕೆಲಸವೇ ಜಾರಿಸುವುದು, ಕ್ಲಚ್ಚನ್ನೂ ಜಾರಿಸುತ್ತವೆ.

ಆರ್‌ಎಕ್ಸ್ 100ನಂಥ ಟೂ ಸ್ಟ್ರೋಕ್‌ಗಳಲ್ಲಿ ಪೆಟ್ರೋಲ್ ಜೊತೆ ಸುಡುವ 2ಟಿ ಆಯಿಲ್ ಬೇರೆ, ಗೇರ್‌ಬಾಕ್ಸ್ ಆಯಿಲ್ ಬೇರೆ. ಕ್ಲಚ್ ಇರುವುದು ಗೇರ್‌ಬಾಕ್ಸ್ ಆಯಿಲಿನಲ್ಲಿ. ಹೊಗೆಗೆ, ಪೆಟ್ರೋಲಿಗೆ ಅದರ ಸಂಬಂಧ ಇಲ್ಲವಾದ್ದರಿಂದ ಅದನ್ನು ವರ್ಷಗಟ್ಟಲೆ ಬದಲಿಸುವುದನ್ನೇ ಮರೆತುಬಿಡುತ್ತಾರೆ.

ಬುಲೆಟ್‌ನದು ಇನ್ನೊಂದು ಬಗೆ. ಕಾಸ್ಟ್ ಐರನ್ ಎಂಜಿನ್ನಿನಲ್ಲಿ ಕ್ಲಚ್ ಇರುವ ಎಡಗಡೆಯ ಚೈನ್ ಕೇಸಿಗೆ ಬೇರೆಯೇ ಆಯಿಲ್. ಅದನ್ನು ಮಟ್ಟ ಮೀರಿ ತುಂಬಿದರೆ ಕ್ಲಚ್ ಜಾರುತ್ತದೆ. ಗೇರ್‌ಬಾಕ್ಸಿಗೆ ಹಾಕುವ ದಪ್ಪ ಆಯಿಲನ್ನು ಅಲ್ಲಿ ಹಾಕಿದರೂ ಕ್ಲಚ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಲೆವೆಲ್ ಸ್ಕ್ರೂ ಬಿಚ್ಚಿ, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಿ.

ತಪ್ಪು ಆಯಿಲ್ ಹಾಕಿದ್ದರೆ ಪೂರ್ತಿ ಇಳಿಸಿ, ಸರಿಯಾದ್ದನ್ನು ಹಾಕಿ ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಬದಲಿಸಿ. ಪ್ಲೇಟು ಸುಡುವ ಮೊದಲೇ ಮಾಡಿದರೆ ಅಷ್ಟಕ್ಕೇ ಸರಿಹೋಗುವ ಸಾಧ್ಯತೆ ಇದೆ.

ಕಿಕ್ ಹೊಡೆದರೆ ಸುಮ್ನೆ ಕೆಳಗೆ ಹೋಗುತ್ತದೆ, ಎಂಜಿನ್ ತಿರುಗುವುದಿಲ್ಲ. ಇದಕ್ಕೂ ಕ್ಲಚ್ಚೇ ಕಾರಣವಾ?

ಬುಲೆಟ್, ಜಾವಾ, ಯೆಜ್ಡಿ ಆದರೆ ಬಹುಪಾಲು ಹೌದು. ಇವುಗಳಲ್ಲಿ ಕಿಕ್ಕಿನ ಬಲ ಗೇರ್‌ಬಾಕ್ಸಿನಿಂದ ಕ್ಲಚ್ ದಾಟಿಕೊಂಡೇ ಎಂಜಿನ್ನಿಗೆ ಹೋಗುತ್ತದೆ. ಪ್ಲೇಟು ಜಾರಿದರೆ ಕಿಕ್ಕೂ ಜಾರುತ್ತದೆ. ಆರ್‌ಎಕ್ಸ್ 100ನಲ್ಲಿ ಕಿಕ್ ನೇರ ಎಂಜಿನ್ ಕಡೆಗೆ ಸೇರಿದೆ, ಅದಕ್ಕೇ ಗೇರಿನಲ್ಲಿದ್ದಾಗಲೂ ಕ್ಲಚ್ ಹಿಡಿದು ಕಿಕ್ ಹೊಡೆಯಬಹುದು. ಅಲ್ಲಿ ಕಿಕ್ ಜಾರಿದರೆ ಕಿಕ್ಕಿನ ಹಲ್ಲುಗಳನ್ನು ನೋಡಬೇಕು.

‘ಸ್ಪ್ರಿಂಗ್ ಕೆಳಗೆ ಒಂದೊಂದು ವಾಷರ್ ಹಾಕ್ಕೊಡ್ತೀನಿ ಬುಡಣ್ಣೋ’ ಅಂತಾರೆ ನಮ್ಮೂರ ಮೆಕ್ಯಾನಿಕ್. ಹಾಕಿಸಬಹುದಾ?

ಕೆಲಸ ಮಾಡುತ್ತದೆ, ಸ್ವಲ್ಪ ದಿನ. ವಾಷರ್ ಹಾಕಿದರೆ ಸ್ಪ್ರಿಂಗ್ ಜಾಸ್ತಿ ಅಮುಕಿ ಒತ್ತಡ ಹೆಚ್ಚುತ್ತದೆ. ಆದರೆ ಸವೆದ ಪ್ಲೇಟು ಸವೆದೇ ಇರುತ್ತದೆ. ಲಿವರ್ ಗಟ್ಟಿಯಾಗುತ್ತದೆ, ವೈರು ಬೇಗ ಕಿತ್ತುಹೋಗುತ್ತದೆ, ಪುಷ್ ರಾಡ್ ಮತ್ತು ಅದರ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ವಾಷರ್ ದಪ್ಪ ಇದ್ದರೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ತಾಗಿ ಕ್ಲಚ್ ಪೂರ್ತಿ ಬಿಡುವುದೇ ಇಲ್ಲ. ಕಬ್ಬಿನ ಸುಗ್ಗಿ ನಡುವೆ ಗಾಡಿ ನಿಲ್ಲಿಸುವಂತಿಲ್ಲ, ಪಾರ್ಟ್ಸ್ ಬರಲು ನಾಲ್ಕು ದಿನ ಬೇಕು ಅನ್ನುವಾಗ ಸರಿ. ಅದನ್ನೇ ರಿಪೇರಿ ಅಂದುಕೊಳ್ಳಬೇಡಿ. ಹೊಸ ಸ್ಪ್ರಿಂಗ್ ಸೆಟ್ ದುಬಾರಿ ಏನಲ್ಲ.

ಮನೆಯಲ್ಲೇ ಬಿಚ್ಚಿ ಪ್ಲೇಟ್ ಬದಲಿಸಬಹುದಾ? ಏನೇನು ಬೇಕು?

ತಾಳ್ಮೆ ಇದ್ದರೆ ಬದಲಿಸಬಹುದು. ಆರ್‌ಎಕ್ಸ್ 100 ಇದಕ್ಕೆ ಒಳ್ಳೆಯ ಗಾಡಿ. ಒಂದು ಭಾನುವಾರ ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ.

ಬೇಕಾದ್ದು: ಸ್ಪ್ಯಾನರ್ ಸೆಟ್, ಟಿ ಸ್ಪ್ಯಾನರ್, ಒಳ್ಳೆಯ ಸ್ಕ್ರೂಡ್ರೈವರ್, ಕವರಿನ ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್), ಹೊಸ ಆಯಿಲ್, ಹಳೆ ಆಯಿಲ್ ಹಿಡಿಯಲು ಅಗಲದ ಪಾತ್ರೆ, ಅಳತೆಗೆ ವರ್ನಿಯರ್. ಹಳೆ ಗಾಡಿಗಳ ಕವರ್ ಸ್ಕ್ರೂ ತುಕ್ಕು ಹಿಡಿದು ಕೂತಿರುತ್ತವೆ. ಸಾಧಾರಣ ಸ್ಕ್ರೂಡ್ರೈವರಿನಲ್ಲಿ ಜಗ್ಗಾಡಿದರೆ ತಲೆ ಕಿತ್ತುಹೋಗುತ್ತದೆ. ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಇದ್ದರೆ ತೆಗೆದುಕೊಳ್ಳಿ, ಇಲ್ಲವೇ ಗೊತ್ತಿರುವ ಗ್ಯಾರೇಜಿನಲ್ಲಿ ಕೇಳಿ ತನ್ನಿ.

ಕ್ಲಚ್ ಯಾವ ಕಡೆ ಅಂತ ಮೊದಲು ತಿಳಿದುಕೊಳ್ಳಿ. ಜಾವಾ, ಯೆಜ್ಡಿ, ಬುಲೆಟ್‌ಗಳಲ್ಲಿ ಎಡಗಡೆ. ಆರ್‌ಎಕ್ಸ್ 100, ಸಿಡಿ 100, ಸ್ಪ್ಲೆಂಡರ್‌ಗಳಲ್ಲಿ ಬಲಗಡೆ.

ಆಯಿಲ್ ಇಳಿಸಿ. ಆ ಕಡೆಯ ಕಿಕ್ಕರ್, ಫುಟ್‌ರೆಸ್ಟ್, ಗೇರ್ ಲಿವರ್ ಅಥವಾ ಬ್ರೇಕ್ ಪೆಡಲ್ ಅಡ್ಡ ಬಂದರೆ ಬಿಚ್ಚಿ. ಕವರಿನ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ತಪ್ಪು ತೂತಿಗೆ ಹಾಕಿದರೆ ಕೇಸಿಂಗ್ ಒಡೆಯುತ್ತದೆ. ಕವರ್ ಬಿಡದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಆಮೇಲೆ ಜೀವನಪೂರ್ತಿ ಆಯಿಲ್ ಸೋರುತ್ತದೆ. ರಬ್ಬರ್ ಅಥವಾ ಮರದ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ.

ಸ್ಪ್ರಿಂಗಿನ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದು ಸುತ್ತು ಸಡಿಲಿಸುತ್ತಾ ಬನ್ನಿ. ಒಂದೇ ಬೋಲ್ಟನ್ನು ಪೂರ್ತಿ ಬಿಚ್ಚಿದರೆ ಪ್ರೆಷರ್ ಪ್ಲೇಟ್ ಓರೆಯಾಗಿ ಹಬ್ಬಿನ ಥ್ರೆಡ್ ಹಾಳಾಗುತ್ತದೆ. ಪ್ರೆಷರ್ ಪ್ಲೇಟಿಗೂ ಹಬ್ಬಿಗೂ ಹೊಂದಿಸುವ ಗುರುತು ಇದೆಯಾ ನೋಡಿಕೊಳ್ಳಿ. ಪ್ಲೇಟುಗಳನ್ನು ಹೊರಗೆ ತೆಗೆದ ಸಾಲಿನಲ್ಲೇ ಜೋಡಿಸಿಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಲವು ಗಾಡಿಗಳಲ್ಲಿ ಪುಷ್ ರಾಡ್ ಜೊತೆ ಒಂದು ಸಣ್ಣ ಸ್ಟೀಲ್ ಬಾಲ್ ಇರುತ್ತದೆ. ಅದು ಉರುಳಿಹೋದರೆ ಗೊತ್ತಾಗುವುದು ಎಲ್ಲ ಜೋಡಿಸಿ ಲಿವರ್ ಹಿಡಿದಾಗಲೇ. ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳಿ.

ತುಂಬಾ ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಒಣ ಧೂಳನ್ನು ಬಾಯಿಂದ ಊದಬೇಡಿ, ಏರ್ ಹೊಡೆಯಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಲೇಟು ಹೋಗಿದೆಯಾ ಅಂತ ಕಣ್ಣಲ್ಲಿ ನೋಡಿ ಹೇಳಬಹುದಾ?

ಪೂರ್ತಿ ಕರಿದಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಹೇಳಬಹುದು. ಇಲ್ಲದಿದ್ದರೆ ಅಳೆಯಬೇಕು. ಎಷ್ಟೋ ಸಣ್ಣ ಬೈಕುಗಳ ಕ್ಲಚ್ ಪ್ಲೇಟು ಹೊಸದಿದ್ದಾಗ 3 ಮಿ.ಮೀ. ಹತ್ತಿರ ದಪ್ಪ ಇರುತ್ತದೆ. 0.3 ಮಿ.ಮೀ.ನಷ್ಟು ಸವೆದರೂ ಬದಲಿಸುವ ಹೊತ್ತು ಬಂತು ಅಂತಲೇ. ನಿಮ್ಮ ಮಾಡೆಲಿನ ಅಳತೆ ಸಿಗದಿದ್ದರೆ ಅಂಗಡಿಯಲ್ಲಿ ಹೊಸ ಪ್ಲೇಟಿನ ಜೊತೆ ಇಟ್ಟು ಅಳೆದು ನೋಡಿ.

ಸ್ಟೀಲ್ ಪ್ಲೇಟು ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಅತಿಯಾಗಿ ಕಾದಿದೆ. ಅದನ್ನು ದಪ್ಪ ಗಾಜಿನ ಮೇಲೆ ಇಡಿ. ಅಂಚಿನ ಕೆಳಗೆ 0.2 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ತೂರಿದರೆ ಸೊಟ್ಟಗಾಗಿದೆ, ಮತ್ತೆ ಹಾಕಬೇಡಿ. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಹೊಸದೊಂದನ್ನು ನಿಲ್ಲಿಸಿ. ಗಿಡ್ಡ ಆಗಿರುವುದು ಕಣ್ಣಿಗೇ ಕಾಣುತ್ತದೆ. ಒಂದು ಗಿಡ್ಡ ಆಗಿದ್ದರೂ ಪೂರ್ತಿ ಸೆಟ್ ಬದಲಿಸಿ. ಒಂದೇ ಬದಲಿಸಿದರೆ ಒತ್ತಡ ಒಂದು ಕಡೆಗೆ ಜಾಸ್ತಿಯಾಗುತ್ತದೆ.

ಪ್ಲೇಟಿಗೆ ಎಮರಿ ಪೇಪರ್ ಉಜ್ಜಿದರೆ ಸಾಕು ಅಂತಾರಲ್ಲ?

ದಪ್ಪ ಇದ್ದು ಮೇಲ್ಮೈ ಮಾತ್ರ ಹೊಳಪು ಹಿಡಿದಿದ್ದರೆ ಗಾಜಿನ ಮೇಲೆ ಪೇಪರ್ ಇಟ್ಟು ಹಗುರವಾಗಿ ಉಜ್ಜಬಹುದು. ಸವೆದ ಪ್ಲೇಟಿಗೆ ಉಜ್ಜಿದರೆ ಇನ್ನಷ್ಟು ತೆಳುವಾಗುತ್ತದೆ, ಅಷ್ಟೇ.

ಕ್ಲಚ್ ಪ್ಲೇಟು ಮಾತ್ರ ಬದಲಿಸಲಾ, ಪೂರ್ತಿ ಸೆಟ್ಟಾ?

ಸ್ಟೀಲ್ ಪ್ಲೇಟು ನೆಟ್ಟಗಿದ್ದು ನೀಲಿ ಆಗಿಲ್ಲದಿದ್ದರೆ ಉಳಿಸಿಕೊಳ್ಳಿ. ಕ್ಲಚ್ ಪ್ಲೇಟು ಮತ್ತು ಸ್ಪ್ರಿಂಗ್ ಮಾತ್ರ ಒಟ್ಟಿಗೇ ಬದಲಿಸಿ. ಕವರ್ ಬಿಚ್ಚಿದ್ದೇ ಆಯಿತಲ್ಲ, ಇನ್ನಾರು ತಿಂಗಳಿಗೆ ಸ್ಪ್ರಿಂಗಿಗೋಸ್ಕರ ಮತ್ತೆ ಬಿಚ್ಚುವುದು ಯಾಕೆ?

ಬೆಲ್‌ನಲ್ಲಿ ಗೀರು ಬಿದ್ದಿದೆ. ಬದಲಿಸಬೇಕಾ?

ಬೆರಳು ಸವರಿ ನೋಡಿ. ಪ್ಲೇಟಿನ ಕಿವಿಗಳು ಹೊಡೆದು ಹೊಡೆದು ಬೆಲ್ಲಿನ ಸೀಳುಗಳಲ್ಲಿ ಹಳ್ಳ ಬಿದ್ದಿರುತ್ತವೆ. ಪ್ಲೇಟು ಅಲ್ಲಿ ಸಿಕ್ಕಿಕೊಂಡರೆ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಸಣ್ಣ ಹಳ್ಳವನ್ನು ಚಪ್ಪಟೆ ಅರದಲ್ಲಿ ಸಮ ಮಾಡಬಹುದು, ಎಲ್ಲ ಸೀಳುಗಳಲ್ಲೂ ಒಂದೇ ಸಮ ಬರಬೇಕು. ಆಳ ಇದ್ದರೆ ಬೆಲ್ ಬದಲಿಸಿ. ಅದು ಈ ಕೆಲಸದಲ್ಲೇ ದುಬಾರಿ ಸಾಮಾನು. ಸ್ಲಿಪ್ ಆಗುತ್ತಿದ್ದರೂ ವರ್ಷಗಟ್ಟಲೆ ಹಾಗೇ ಓಡಿಸಿದವರಿಗೆ ಕೊನೆಗೆ ಈ ಖರ್ಚೆಲ್ಲ ಒಟ್ಟಿಗೆ ಬರುತ್ತದೆ.

ಜೋಡಿಸುವಾಗ ಏನು ನೆನಪಿಡಬೇಕು?

ಹೊಸ ಕ್ಲಚ್ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ, ಗಾಡಿಗೆ ಹಾಕುವ ಅದೇ ಆಯಿಲಿನಲ್ಲಿ ನೆನೆಸಿಡಿ. ಒಣಗಿದ್ದನ್ನು ಹಾಕಿ ಓಡಿಸಿದರೆ ಮೊದಲ ದಿನವೇ ಸುಡಬಹುದು. ಸಾಮಾನ್ಯವಾಗಿ ಮೊದಲು ಕ್ಲಚ್ ಪ್ಲೇಟು, ಆಮೇಲೆ ಸ್ಟೀಲ್ ಪ್ಲೇಟು, ಹೀಗೆ ಒಂದಾದ ಮೇಲೊಂದು, ಕೊನೆಗೆ ಮತ್ತೆ ಕ್ಲಚ್ ಪ್ಲೇಟು. ಆದರೂ ನೀವು ತೆಗೆದ ಫೋಟೋ ನೋಡಿಯೇ ಹಾಕಿ. ಸ್ಟೀಲ್ ಪ್ಲೇಟಿನ ಒಂದು ಅಂಚು ಚೂಪಾಗಿ, ಇನ್ನೊಂದು ಉರುಟಾಗಿ ಇರುತ್ತದೆ. ಎಲ್ಲವೂ ಒಂದೇ ಕಡೆ ಮುಖ ಮಾಡಿರಲಿ.

ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಇವು ಸಣ್ಣ ಬೋಲ್ಟು, ಹಬ್ಬು ಅಲ್ಯೂಮಿನಿಯಂ. ತೋಳಿನ ಬಲ ತೋರಿಸುವ ಜಾಗ ಇದಲ್ಲ. 6 ಮಿ.ಮೀ. ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಕವರ್ ಮುಚ್ಚುವ ಮೊದಲು ಲಿವರ್ ಹಿಡಿದು ಪ್ರೆಷರ್ ಪ್ಲೇಟ್ ನೆಟ್ಟಗೆ ಏಳುತ್ತಿದೆಯಾ ನೋಡಿ. ಕ್ಲಚ್ ಬಿಡಿಸುವ ಭಾಗ ಕವರಿನಲ್ಲೇ ಇರುವ ಮಾಡೆಲ್ ಆದರೆ ಮುಚ್ಚಿದ ಮೇಲೆ ಲಿವರ್ ಹಿಡಿದು ನೋಡಿ, ಆಯಿಲ್ ಹಾಕುವುದು ಅದಾದ ಮೇಲೆ.

ಹಳೆ ಯೆಜ್ಡಿಗೆ ಪಾರ್ಟ್ಸ್ ಎಲ್ಲಿ ಸಿಗುತ್ತವೆ? ಹೊಸ ಜಾವಾದ ಪ್ಲೇಟು ಕೂರುತ್ತದಾ?

ಕೂರುವುದಿಲ್ಲ. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬಂದವು ಫೋರ್ ಸ್ಟ್ರೋಕ್ ಗಾಡಿಗಳು. ಹೆಸರು ಒಂದೇ, ಎಂಜಿನ್ ಬೇರೆ. ಹಳೆಯದಕ್ಕೆ ಬೇರೆ ಬೇರೆಯವರು ತಯಾರಿಸಿದ ಪ್ಲೇಟುಗಳು ಬರುತ್ತವೆ, ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಹಳೆ ಪ್ಲೇಟನ್ನು ಜೊತೆಗೇ ಒಯ್ದು, ಹೊರ ಅಳತೆ, ಕಿವಿಗಳ ಅಗಲ, ದಪ್ಪ ಮೂರನ್ನೂ ಹೋಲಿಸಿ ತನ್ನಿ. ಮೈಸೂರಿನಲ್ಲಿ ಈ ಗಾಡಿಗಳನ್ನು ಬಿಚ್ಚಿ ಜೋಡಿಸುತ್ತಲೇ ಕೂದಲು ಹಣ್ಣಾದ ಮೆಕ್ಯಾನಿಕ್‌ಗಳಿದ್ದಾರೆ. ಯಾವ ಪ್ಲೇಟು ಬಾಳಿಕೆ ಬರುತ್ತದೆ ಅಂತ ಅವರನ್ನು ಕೇಳಿ, ಅಂಗಡಿಯವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಬೈಕು. ಕ್ಲಚ್ ಹಿಡಿದರೂ ಬಿಡುತ್ತಿಲ್ಲ.

ಪ್ಲೇಟುಗಳು ಅಂಟಿಕೊಂಡಿವೆ. ಹೊಸ ಆಯಿಲ್ ಹಾಕಿ, ಲಿವರನ್ನು ಹ್ಯಾಂಡಲಿಗೆ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ, ಗೇರಿಗೆ ಹಾಕಿ, ಲಿವರ್ ಹಿಡಿದೇ ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. ಬಿಡದಿದ್ದರೆ ಬಿಚ್ಚಬೇಕು. ಬಿಟ್ಟ ಮೇಲೆ ಸ್ಲಿಪ್ ಆದರೆ ಲೈನಿಂಗ್ ಕಿತ್ತಿದೆ.

ದಾರಿ ಮಧ್ಯೆ ಜಾಸ್ತಿ ಜಾರಲು ಶುರುವಾದರೆ ಮನೆ ಸೇರುವುದು ಹೇಗೆ?

ನಿಲ್ಲಿಸಿ, ಹತ್ತು ಹದಿನೈದು ನಿಮಿಷ ಆರಲು ಬಿಡಿ. ಹ್ಯಾಂಡಲ್ ಹತ್ತಿರದ ಅಡ್ಜಸ್ಟರ್ ಪೂರ್ತಿ ಸಡಿಲಿಸಿ. ಗೇರ್ ಬೀಳುವುದು ಸ್ವಲ್ಪ ಗಟ್ಟಿಯಾದರೂ ಹಿಡಿತ ಸಿಗುತ್ತದೆ. ಹಿಂದೆ ಕೂತವರನ್ನು, ಹೊರೆಯನ್ನು ಬಸ್ಸಿಗೆ ಹತ್ತಿಸಿ. ಕೆಳಗಿನ ಗೇರಿನಲ್ಲಿ, ಕಡಿಮೆ ರೇಸಿನಲ್ಲಿ ಹೋಗಿ. ಜಾರುತ್ತಿದೆ ಅಂತ ರೇಸ್ ಹೆಚ್ಚಿಸಿದಷ್ಟೂ ಪ್ಲೇಟು ಸುಡುತ್ತದೆ. ಮುಖ್ಯವಾಗಿ, ಸ್ಲಿಪ್ ಇರುವ ಗಾಡಿಯಲ್ಲಿ ಬಸ್ಸು ಲಾರಿಗಳನ್ನು ಓವರ್‌ಟೇಕ್ ಮಾಡಬೇಡಿ. ಅರ್ಧ ದಾಟಿದಾಗ ಗಾಡಿ ಎಳೆಯದಿದ್ದರೆ ಜೀವಕ್ಕೇ ಅಪಾಯ.

ಹೊಸ ಪ್ಲೇಟು ಹಾಕಿದ ಮೇಲೆ ಹೇಗೆ ಓಡಿಸಬೇಕು?

ಮೊದಲ 200–300 ಕಿ.ಮೀ. ಮೆತ್ತಗೆ. ಭಾರ ಬೇಡ, ಬೆಟ್ಟ ಬೇಡ. ಟ್ರಯಲ್ ನೋಡಲು ರಿಂಗ್ ರೋಡಿನಲ್ಲಿ ಟ್ರಾಫಿಕ್ ಇಲ್ಲದ ಹೊತ್ತು ಹೋಗಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಪ್ಲೇಟು ಕೂತ ಮೇಲೆ ಫ್ರೀ ಪ್ಲೇ ಬದಲಾಗಿರುತ್ತದೆ, ಮರೆಯದೆ ಮತ್ತೆ ಹೊಂದಿಸಿ.

ಕ್ಲಚ್ ಬೇಗ ಹೋಗುವುದು ಅಭ್ಯಾಸದಿಂದಲೂ. ಓಡಿಸುವಾಗ ಲಿವರ್ ಮೇಲೆ ಎರಡು ಬೆರಳು ಇಟ್ಟುಕೊಂಡೇ ಇರಬೇಡಿ. ಏರಿನಲ್ಲಿ ನಿಂತಾಗ ಹಾಫ್ ಕ್ಲಚ್‌ನಲ್ಲಿ ಗಾಡಿ ತಡೆದು ಹಿಡಿಯಬೇಡಿ, ಬ್ರೇಕ್ ಹಿಡಿಯಿರಿ. ದಸರಾ ಸಮಯದಲ್ಲಿ ಊರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ನ್ಯೂಟ್ರಲ್‌ಗೆ ಹಾಕಿ ಕೈ ಬಿಡಿ.

ಇಳಿಸಿದ ಹಳೆ ಆಯಿಲನ್ನು ಏನು ಮಾಡಲಿ?

ಮೋರಿಗೂ ನಾಲೆಗೂ ಚೆಲ್ಲಬೇಡಿ. ಆ ನೀರು ಯಾರದೋ ಗದ್ದೆಗೆ ಹೋಗುತ್ತದೆ. ಡಬ್ಬದಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಹಳೆ ಆಯಿಲ್ ಕೊಳ್ಳುವವರು ಅಲ್ಲಿಂದ ಒಯ್ಯುತ್ತಾರೆ.

ಎಲ್ಲ ಹೊಸದು ಹಾಕಿದರೂ ಸ್ಲಿಪ್ ಆಗುತ್ತಿದೆ. ಈಗೇನು?

ಮೊದಲು ಫ್ರೀ ಪ್ಲೇ. ಹೊಸ ಪ್ಲೇಟು ದಪ್ಪ ಇರುವುದರಿಂದ ಹಳೆ ಹೊಂದಾಣಿಕೆ ನಡೆಯುವುದಿಲ್ಲ. ಆಮೇಲೆ ಪ್ರೆಷರ್ ಪ್ಲೇಟು ಹಬ್ಬಿನ ಗುರುತಿಗೆ ಸರಿಯಾಗಿ ಕೂತಿದೆಯಾ ನೋಡಿ. ಅದು ಒಂದು ಹಲ್ಲು ತಪ್ಪಿ ಕೂತರೆ ಪ್ಲೇಟುಗಳ ಮೇಲೆ ಒತ್ತಡವೇ ಬೀಳುವುದಿಲ್ಲ. ಪ್ಲೇಟುಗಳ ಸಂಖ್ಯೆ ಎಣಿಸಿ. ಒಂದು ಕಡಿಮೆ ಬಿದ್ದಿರುವುದು, ಎರಡು ಸ್ಟೀಲ್ ಪ್ಲೇಟು ಜೊತೆಜೊತೆಗೆ ಸೇರಿರುವುದು ಅಪರೂಪವಲ್ಲ. ಎಂಜಿನ್ ಕಡೆ ವೈರು ಎಳೆಯುವ ಕ್ಲಚ್ ಆರ್ಮನ್ನು ಕೈಯಲ್ಲಿ ತಳ್ಳಿದರೆ ಸಲೀಸಾಗಿ ವಾಪಸ್ ಬರುತ್ತದೆಯಾ, ತುಕ್ಕು ಹಿಡಿದು ನಿಲ್ಲುತ್ತದೆಯಾ ನೋಡಿ. ಪುಷ್ ರಾಡ್ ಹೊರತೆಗೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಕುಣಿಯುತ್ತದೆ. ಇವೆಲ್ಲ ಸರಿ ಇದ್ದು, ಆಯಿಲೂ ಸರಿ ಇದ್ದರೆ, ತಂದ ಪ್ಲೇಟೇ ತೆಳು. ವರ್ನಿಯರ್ ಹಿಡಿದು ಅಳೆದು, ಅಂಗಡಿಗೆ ವಾಪಸ್ ಒಯ್ಯಿರಿ.